ಎಐ ಕಲಿಯಲು ಯಾವ ಆ್ಯಪ್? ಕೋಡಿಂಗ್ ಗೊತ್ತಿಲ್ಲ, ದಿನಕ್ಕೆ ಒಂದು ಗಂಟೆ ಸಿಗುತ್ತದೆ

ಅಂಗಡಿ ಲೆಕ್ಕ · ಶನಿವಾರ, ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ನಾನು ಬ್ಯಾಡಗಿಯಲ್ಲಿ ಮೆಣಸಿನಕಾಯಿ ದಲಾಲರ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಬಿಕಾಂ ಮುಗಿಸಿ 4 ವರ್ಷವಾಯಿತು. ಟ್ಯಾಲಿ, ಎಕ್ಸೆಲ್ ಚೆನ್ನಾಗಿ ಬರುತ್ತದೆ. ಕೋಡಿಂಗ್ ಮಾತ್ರ ಒಂದು ಸಾಲೂ ಬರೆದವಳಲ್ಲ. ಎಐ ಒಳಗೆ ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯುವ ಆಸೆ ಬಹಳ ದಿನದಿಂದ ಇದೆ. ಸುಮ್ನೆ ಓದಿ ಬಿಡುವುದಲ್ಲ, ಕೈಯಾರೆ ಮಾಡಿ ಕಲಿಯಬೇಕು.

ಮೂರು ಆ್ಯಪ್ ನೋಡಿಯಾಯಿತು. ಮೊದಲನೆಯದರಲ್ಲಿ ದಿನಾ ಐದು ನಿಮಿಷದ ಪಾಠ, ಕೊನೆಗೆ ನಾಲ್ಕು ಆಯ್ಕೆಯ ಪ್ರಶ್ನೆ. 19 ದಿನ ತಪ್ಪಿಸದೆ ಮಾಡಿದೆ. ಪರದೆ ತುಂಬ ನಕ್ಷತ್ರ ಬಿದ್ದವು. ಒಂದು ದಿನ ತಮ್ಮ ಕೇಳಿದ, "ಅಕ್ಕಾ, ಮಷಿನ್ ಕಲಿಯುತ್ತದೆ ಅಂತಾರಲ್ಲ, ಹೇಗೆ ಕಲಿಯುತ್ತದೆ ಹೇಳು." ನನಗೆ ಹೇಳಲು ಬರಲಿಲ್ಲ. ಅವತ್ತು ಬಹಳ ಬೇಜಾರಾಯಿತು.

ಎರಡನೆಯದು 7 ದಿನ ಉಚಿತ ಎಂದಿತ್ತು. ಇಷ್ಟವಾಗಲಿಲ್ಲ ಎಂದು ಐದನೇ ದಿನ ಫೋನಿನಿಂದ ತೆಗೆದು ಹಾಕಿದೆ. ಎಂಟನೇ ದಿನ ಒಂದು ವರ್ಷದ ಹಣ ಕಟ್ ಆಯಿತು. ಮೂರನೆಯದು ಮೊದಲ ಪಾಠದಲ್ಲೇ ಪೈಥಾನ್ ಎಂಬ ಕೋಡಿಂಗ್ ಭಾಷೆಯಲ್ಲಿ ಬರೆಯಿರಿ ಎಂದಿತು. ಎಲ್ಲಿ ತಪ್ಪಿತು ಎಂದೇ ತಿಳಿಯದೆ ಮುಚ್ಚಿಬಿಟ್ಟೆ.

ತಮ್ಮನ ಹಳೆಯ ಲ್ಯಾಪ್‌ಟಾಪ್ ಇದೆ, 4 ಜಿಬಿ ರ‍್ಯಾಮ್. ಅದು ಸಾಕೇ? ಹಣ ಕೊಟ್ಟೇ ಕಲಿಯಬೇಕೇ? ಎಲ್ಲಿಂದ ಶುರು ಮಾಡಲಿ? ತಿಳಿದವರು ದಯವಿಟ್ಟು ಹೇಳಿ.

ರಾತ್ರಿ ಪಾಳಿ · ಶನಿವಾರ, ರಾತ್ರಿ 11:15

ಮೊದಲು ಹಣದ ವಿಷಯ. ಆ್ಯಪ್ ಅನ್‌ಇನ್‌ಸ್ಟಾಲ್ ಮಾಡಿದರೆ ಚಂದಾ ನಿಲ್ಲುವುದಿಲ್ಲ. ಪ್ಲೇ ಸ್ಟೋರ್‌ನಲ್ಲಿ ನಿಮ್ಮ ಚಿತ್ರದ ಮೇಲೆ ಒತ್ತಿ, ಸಬ್‌ಸ್ಕ್ರಿಪ್ಷನ್ಸ್‌ಗೆ ಹೋಗಿ ಅಲ್ಲಿ ಕ್ಯಾನ್ಸಲ್ ಮಾಡಬೇಕು. ಯುಪಿಐನಿಂದ ಹೋಗಿದ್ದರೆ ನಿಮ್ಮ ಯುಪಿಐ ಆ್ಯಪ್‌ನಲ್ಲಿ ಆಟೋಪೇ ಎಂಬ ಭಾಗ ಇರುತ್ತದೆ. ಅದನ್ನೂ ಒಮ್ಮೆ ತೆರೆದು ನೋಡಿ. ಹೀಗೆ ತಾನಾಗಿ ಕಟ್ ಆಗುವ ಹಣಕ್ಕೆ 24 ಗಂಟೆ ಮೊದಲೇ ತಿಳಿಸಬೇಕು ಎಂದು ರಿಸರ್ವ್ ಬ್ಯಾಂಕಿನ ನಿಯಮವೇ ಇದೆ. ಆ ಮೆಸೇಜು ಜಾಹೀರಾತುಗಳ ನಡುವೆ ಮುಳುಗಿ ಹೋಗುತ್ತದೆ, ಅದೇ ತೊಂದರೆ. ಹಣ ವಾಪಸ್ ಕೇಳಲು ಇವತ್ತೇ ಅರ್ಜಿ ಹಾಕಿ, ತಡ ಮಾಡಬೇಡಿ.

ವಿಜ್ಞಾನ ಮೇಷ್ಟ್ರು · ಭಾನುವಾರ, ಬೆಳಿಗ್ಗೆ 7:20

ನಮಸ್ಕಾರ ತಂಗಿ. ನಾನು ಸರ್ಕಾರಿ ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ಮಕ್ಕಳ ಜೊತೆ ಎರಡು ವರ್ಷದಿಂದ ಇಂಥವನ್ನು ಮಾಡುತ್ತಾ ಬಂದಿದ್ದೇನೆ. ನಿಮ್ಮ 19 ದಿನದಲ್ಲಿ ನಿಮ್ಮ ತಪ್ಪು ಏನೂ ಇಲ್ಲ. ಆ ಆ್ಯಪ್ ನಿಮ್ಮಿಂದ ಪದಗಳ ಅರ್ಥ ಕೇಳಿತು, ಅಷ್ಟೇ. ಈಜುವುದು ಎಂದರೇನು ಎಂದು ಬರೆದವರಿಗೆ ಈಜು ಬಂದಿರುವುದಿಲ್ಲ, ಅಲ್ವಾ?

ಆ್ಯಪ್ ಆರಿಸುವಾಗ ನಾನು ನೋಡುವುದು ಒಂದೇ. ಅದರೊಳಗೆ ನನ್ನದೇ ಸಾಮಾನು ಹಾಕಲು ಬಿಡುತ್ತದೆಯೇ? ಹಾಕಿದ ಮೇಲೆ ಅದು ತಪ್ಪು ಮಾಡುವುದು ನನ್ನ ಕಣ್ಣಿಗೆ ಕಾಣುತ್ತದೆಯೇ? ಎರಡಕ್ಕೂ ಹೌದು ಎಂದರೆ ಅದು ಕಲಿಸುತ್ತದೆ. ಸರಿ ಉತ್ತರ ಒತ್ತಿದಾಗ ಗಂಟೆ ಬಾರಿಸುವುದಷ್ಟೇ ಅದರ ಕೆಲಸವಾದರೆ ಬಿಟ್ಟುಬಿಡಿ.

ಮೊದಲ ಸಂಜೆ ಕ್ವಿಕ್ ಡ್ರಾ ಆಡಿ. ಗೂಗಲ್ 2016ರಲ್ಲಿ ಬಿಟ್ಟ ಆಟ. ಫೋನಿನ ಬ್ರೌಸರ್‌ನಲ್ಲೇ ನಡೆಯುತ್ತದೆ. ಅದು ಒಂದು ಪದ ಕೊಡುತ್ತದೆ, ನೀವು 20 ಸೆಕೆಂಡಿನಲ್ಲಿ ಚಿತ್ರ ಬರೆಯಬೇಕು, ಅದು ಏನೆಂದು ಊಹಿಸುತ್ತದೆ. ನಮ್ಮ ಎಂಟನೇ ಕ್ಲಾಸಿನ ಹುಡುಗಿಗೆ ಪೊರಕೆ ಬಂತು. ಅವಳು ಮನೆಯಲ್ಲಿರುವ ತೆಂಗಿನ ಕಡ್ಡಿಯ ಪೊರಕೆ ಬರೆದಳು, ಕೆಳಗೆ ಹರಡಿಕೊಂಡು ಮೇಲೆ ಕಟ್ಟು. ಮಷಿನ್ ಗುರುತಿಸಲೇ ಇಲ್ಲ. ಆಟ ಮುಗಿದ ಮೇಲೆ ಬೇರೆಯವರು ಬರೆದ ಪೊರಕೆಗಳನ್ನು ತೋರಿಸುತ್ತದೆ. ಅಲ್ಲಿದ್ದವಕ್ಕೆಲ್ಲ ಉದ್ದನೆಯ ಕೋಲು. ಹುಡುಗಿ ಹೇಳಿದಳು, "ಸರ್, ಅದು ನಮ್ಮನೆ ಪೊರಕೆ ನೋಡೇ ಇಲ್ಲ." ಇಡೀ ಪಾಠ ಆ ಒಂದು ಮಾತಿನಲ್ಲಿತ್ತು. ಯಾವ ಚಿತ್ರ ಜಾಸ್ತಿ ತೋರಿಸಿದ್ದಾರೋ ಅದೇ ಅದರ ಲೋಕ. ಆ ಆಟದಿಂದ ಕೂಡಿಸಿದ 5 ಕೋಟಿ ಚಿತ್ರಗಳನ್ನು ಗೂಗಲ್ ಎಲ್ಲರಿಗೂ ನೋಡಲು ಬಿಟ್ಟಿದೆ, 345 ಬಗೆಯವು. ಒಂದು ಬಗೆ ಆರಿಸಿ ಸಾಲಾಗಿ ನೋಡುತ್ತಾ ಕೂರಿ, ಹೊತ್ತು ಹೋದದ್ದೇ ತಿಳಿಯುವುದಿಲ್ಲ.

ಎರಡನೇ ಸಂಜೆಯಿಂದ ಟೀಚಬಲ್ ಮಷಿನ್. ಇದೂ ಗೂಗಲ್‌ನದೇ, ಉಚಿತ, ಖಾತೆ ತೆರೆಯುವುದೂ ಬೇಡ. ಇದಕ್ಕೆ ಲ್ಯಾಪ್‌ಟಾಪ್ ಇದ್ದರೆ ಒಳ್ಳೆಯದು, ನಿಮ್ಮ 4 ಜಿಬಿಯದು ಸಾಕು. ಎರಡು ಗುಂಪು ಮಾಡಿ, ಪ್ರತಿ ಗುಂಪಿಗೂ ಫೋಟೊ ತುಂಬಿ, ಟ್ರೇನ್ ಅಂದರೆ ಕಲಿಸು ಎಂಬ ಗುಂಡಿ ಒತ್ತಿ. ಟ್ರೇನ್ ಆಗುವಾಗ ಬೇರೆ ಟ್ಯಾಬ್‌ಗೆ ಹೋಗಬೇಡಿ. ಆಮೇಲೆ ಕ್ಯಾಮೆರಾ ಮುಂದೆ ಹೊಸ ವಸ್ತು ಹಿಡಿದರೆ ಯಾವ ಗುಂಪು, ಶೇಕಡಾ ಎಷ್ಟು ಎಂದು ಅಲ್ಲೇ ತೋರಿಸುತ್ತದೆ. ನಿಮ್ಮ ಅಂಗಡಿಯಲ್ಲಿ ಮೆಣಸಿನಕಾಯಿ ಇದೆಯಲ್ಲ, ಬೇರೆ ಏನೂ ಹುಡುಕಬೇಡಿ. ಮಾಡಿ ನೋಡಿ ಇಲ್ಲಿ ಬರೆಯಿರಿ, ಕಾಯುತ್ತೇನೆ.

ಕೋಡ್ ಮೊದಲು · ಭಾನುವಾರ, ಮಧ್ಯಾಹ್ನ 12:05

ಮೇಷ್ಟ್ರೇ, ಗೌರವದಿಂದಲೇ ಹೇಳುತ್ತೇನೆ, ನನಗೆ ಒಪ್ಪಿಗೆಯಿಲ್ಲ. ಟೀಚಬಲ್ ಮಷಿನ್ ಮಕ್ಕಳಿಗೆ ಸರಿ. ಗುಂಡಿ ಒತ್ತಿದರೆ ಬರುವ ಉತ್ತರದಲ್ಲಿ ದೊಡ್ಡವರು ಕಲಿಯುವುದು ಏನಿದೆ? ಇವರಿಗೆ ಎಕ್ಸೆಲ್ ಬರುತ್ತದೆ. ಎಕ್ಸೆಲ್‌ನಲ್ಲಿ ಫಾರ್ಮುಲಾ ಬರೆಯುವವರಿಗೆ ಪೈಥಾನ್ ಬರುವುದಿಲ್ಲ ಎಂದರೆ ನಾನು ನಂಬುವುದಿಲ್ಲ.

ಮೇಡಂ, ಕ್ಯಾಗಲ್ ಲರ್ನ್ ಎಂಬ ಕಲಿಕೆಯ ತಾಣ ತೆರೆಯಿರಿ. ಉಚಿತ. ಬ್ರೌಸರ್‌ನಲ್ಲೇ ಕೋಡ್ ಓಡುತ್ತದೆ, ನಿಮ್ಮ ಲ್ಯಾಪ್‌ಟಾಪಿಗೆ ಭಾರ ಬೀಳುವುದಿಲ್ಲ. ಮೊದಲು ಪೈಥಾನ್, ಅವರ ಲೆಕ್ಕದಲ್ಲಿ 5 ಗಂಟೆಯ ಕೋರ್ಸು. ನಿಧಾನವಾಗಿ 15 ಗಂಟೆ ಕೊಡಿ. ಆಮೇಲೆ ಮಷಿನ್ ಲರ್ನಿಂಗ್ ಪರಿಚಯದ ಕೋರ್ಸು. ಪ್ರತಿ ಪ್ರಶ್ನೆಯ ಕೆಳಗೆ ಸುಳಿವು ಕೇಳಬಹುದು, ಉತ್ತರ ಸರಿಯೇ ಎಂದು ಪರೀಕ್ಷಿಸಬಹುದು, ತೀರಾ ಆಗದಿದ್ದರೆ ಉತ್ತರವನ್ನೇ ನೋಡಬಹುದು. ನೀವು ಮುಚ್ಚಿಬಿಟ್ಟ ಆ್ಯಪ್‌ನಲ್ಲಿ ಎಲ್ಲಿ ತಪ್ಪಿತು ಎಂದು ತಿಳಿಯಲಿಲ್ಲ ಎಂದಿರಲ್ಲ, ಇಲ್ಲಿ ಹಾಗಾಗುವುದಿಲ್ಲ.

ಎಸ್ಪೂ ಕನ್ನಡತಿ · ಭಾನುವಾರ, ಸಂಜೆ 5:30

ಫಿನ್‌ಲ್ಯಾಂಡಿನಿಂದ ನಮಸ್ಕಾರ. ಇಲ್ಲಿಯ ಒಂದು ಕೋರ್ಸಿನ ಬಗ್ಗೆ ಹೇಳಲೇಬೇಕು. ಹೆಲ್ಸಿಂಕಿ ವಿಶ್ವವಿದ್ಯಾಲಯ ಮತ್ತು ರಿಯಾಕ್ಟರ್ ಎಂಬ ಕಂಪನಿ ಸೇರಿ 2018ರಲ್ಲಿ ಎಲಿಮೆಂಟ್ಸ್ ಆಫ್ ಎಐ ಶುರು ಮಾಡಿದವು. ದೇಶದ ಜನರಲ್ಲಿ ಶೇ 1ರಷ್ಟು ಮಂದಿಗೆ ಎಐ ಮೂಲಪಾಠ ಕಲಿಸಬೇಕು ಎಂಬುದು ಗುರಿ. ಅಂದರೆ ಸುಮಾರು 55,000 ಜನ. ಎಂಜಿನಿಯರುಗಳಿಗಲ್ಲ, ದಂತವೈದ್ಯರು, ಅಂಗಡಿಯವರು, ನಿವೃತ್ತರು ಎಲ್ಲರಿಗೂ. ಆಮೇಲೆ ಇಡೀ ಜಗತ್ತಿನಿಂದ 10 ಲಕ್ಷಕ್ಕೂ ಜಾಸ್ತಿ ಜನ ಸೇರಿದ್ದಾರೆ.

ಕೋಡಿಂಗ್ ಇಲ್ಲ, ಹಣ ಇಲ್ಲ, ಆರು ಭಾಗ. ಇಂಗ್ಲಿಷ್ ಸರಳವಾಗಿದೆ. ಎರಡನೇ ಭಾಗದಲ್ಲಿ ಒಂದು ದೋಣಿಯ ಲೆಕ್ಕ ಬರುತ್ತದೆ. ರೋಬೋಟ್ ಒಂದು ನರಿ, ಕೋಳಿ, ಕೋಳಿಯ ಕಾಳು ಇವನ್ನು ಆಚೆ ದಡಕ್ಕೆ ಸಾಗಿಸಬೇಕು. ನೋಡಿದ ಕೂಡಲೇ ನನಗೆ ಅಜ್ಜಿ ನೆನಪಾದಳು. ಹುಲಿ, ಆಡು, ಹುಲ್ಲಿನ ಹೊರೆ! ಅದೇ ಲೆಕ್ಕ. ಅಜ್ಜಿ ಹೇಳುವಾಗ ನಾವು ಊಹಿಸಿ ಬಿಡಿಸುತ್ತಿದ್ದೆವು. ಇಲ್ಲಿ ಯಾವ ದಡದಲ್ಲಿ ಯಾರಿದ್ದಾರೆ ಎಂಬ ಪ್ರತಿ ಸ್ಥಿತಿಯನ್ನೂ ಬರೆದು, ಒಂದರಿಂದ ಇನ್ನೊಂದಕ್ಕೆ ಗೆರೆ ಎಳೆಯುತ್ತೀರಿ. ಆಗ ದಾರಿ ತಾನೇ ಕಾಣುತ್ತದೆ. ಎಐ ಎಂದರೆ ಫೋಟೊ ಗುರುತಿಸುವುದು ಮಾತ್ರ ಅಲ್ಲ ಎಂದು ಅಲ್ಲಿ ತಿಳಿಯಿತು.

ಒಂದು ಮಾತು. ಇದರಲ್ಲಿ ಓದುವುದು ಜಾಸ್ತಿ, ಕೈಯಾಡಿಸುವುದು ಕಡಿಮೆ. ಹಾಗಾಗಿ ಇದನ್ನೇ ಮೊದಲು ಹಿಡಿಯಬೇಡಿ. ಮೇಷ್ಟ್ರು ಹೇಳಿದ್ದನ್ನು ಮಾಡುತ್ತಾ, ಜೊತೆಗೆ ವಾರಕ್ಕೆ ಒಂದು ಭಾಗ ಓದಿ.

ಎರಡನೇ ವರ್ಷ ಡಿಪ್ಲೊಮಾ · ಭಾನುವಾರ, ರಾತ್ರಿ 8:50

ಇಷ್ಟೆಲ್ಲ ಯಾಕೆ? ಚಾಟ್‌ಜಿಪಿಟಿ, ಜೆಮಿನಿ ಕನ್ನಡದಲ್ಲೇ ಉತ್ತರ ಕೊಡುತ್ತವೆ. ಅವುಗಳನ್ನೇ ಕೇಳಿ ಕಲಿತರೆ ಸಾಲದಾ?

ವಿಜ್ಞಾನ ಮೇಷ್ಟ್ರು · ಭಾನುವಾರ, ರಾತ್ರಿ 9:30

ಕೇಳು ತಮ್ಮಾ, ಕೇಳಬೇಡ ಎನ್ನುವುದಿಲ್ಲ. ಪಾಠ ಇಂಗ್ಲಿಷಿನಲ್ಲಿದ್ದು ತಲೆಗೆ ಹತ್ತದಿದ್ದರೆ ಕನ್ನಡದಲ್ಲಿ ಬಿಡಿಸಿ ಹೇಳು ಎನ್ನಲು ಅವು ಬಹಳ ಅನುಕೂಲ. ಆದರೆ ಅವು ತಪ್ಪನ್ನೂ ಸರಿಯಂತೆಯೇ ಗಟ್ಟಿಯಾಗಿ ಹೇಳುತ್ತವೆ. ಹೊಸಬರಿಗೆ ಯಾವುದು ತಪ್ಪು ಎಂದು ಗೊತ್ತಾಗುವುದು ಹೇಗೆ? ಆದ್ದರಿಂದ ಪಕ್ಕದಲ್ಲಿ ಪರೀಕ್ಷಿಸುವ ಸಾಧನ ಇರಬೇಕು.

ಬ್ರೌಸರ್‌ನಲ್ಲಿ ಟೆನ್ಸರ್‌ಫ್ಲೋ ಪ್ಲೇಗ್ರೌಂಡ್ ಎಂಬ ಪುಟ ತೆರೆ. ಪುಟದ ತುಂಬ ನೀಲಿ ಚುಕ್ಕೆ, ಕಿತ್ತಳೆ ಚುಕ್ಕೆ. ನಡುವೆ ನೀಲಿ, ಸುತ್ತ ಕಿತ್ತಳೆ ಇರುವ ಚಿತ್ರ ಆರಿಸು. ನಮ್ಮ ಕಣದಲ್ಲಿ ನಡುವೆ ರಾಗಿ ರಾಶಿ, ಸುತ್ತ ಹೊಟ್ಟು ಬಿದ್ದ ಹಾಗೆ. ಒಂದು ನೇರ ಹಗ್ಗ ಎಳೆದು ಇವೆರಡನ್ನು ಬೇರೆ ಮಾಡಲು ಆಗುತ್ತದಾ? ಆಗುವುದಿಲ್ಲ. ಈಗ ನಡುವಿನ ಪದರಗಳನ್ನೆಲ್ಲ, ಅಂದರೆ ಲೆಕ್ಕ ಮಾಡುವ ಚೌಕಗಳ ಸಾಲುಗಳನ್ನು, ತೆಗೆದು ಓಡಿಸು. ಪಾಪ, ಮಷಿನ್ ಒಂದು ನೇರ ಗೆರೆಯನ್ನೇ ಅತ್ತಿತ್ತ ತಿರುಗಿಸುತ್ತದೆ, ಎಷ್ಟು ಹೊತ್ತಾದರೂ ಬಿಡಿಸುವುದಿಲ್ಲ. ಪದರ ಸೇರಿಸದೆಯೇ ಇದನ್ನು ಬಿಡಿಸಬಹುದಾ ಎಂದು ನಿನ್ನ ಚಾಟ್‌ಬಾಟನ್ನು ಕೇಳು. ಏನೇ ಹೇಳಲಿ, ಆಮೇಲೆ ಎಡಗಡೆ ಇರುವ ಎರಡು ವರ್ಗದ ಗುಂಡಿ ಒತ್ತಿ ನೀನೇ ನೋಡು. ಎಕ್ಸ್ 1ರ ವರ್ಗ, ಎಕ್ಸ್ 2ರ ವರ್ಗ. ಚುಕ್ಕೆ ನಡುವಿನಿಂದ ಅಡ್ಡಕ್ಕೆ ಎಷ್ಟು ಸರಿದಿದೆ ಎಂಬುದು ಎಕ್ಸ್ 1, ಮೇಲೆ ಕೆಳಗೆ ಎಷ್ಟು ಎಂಬುದು ಎಕ್ಸ್ 2. ಕಣ್ಣು ಮಿಟುಕಿಸುವಷ್ಟರಲ್ಲಿ ನೀಲಿಯ ಸುತ್ತ ಬಳೆ ಬಿಡಿಸಿದ ಹಾಗೆ ಗೆರೆ ಬರುತ್ತದೆ. ಯಾಕೆ ಬಂತು ಎಂದು ನಾಳೆ ಇಲ್ಲಿ ಬರೆ. ಹತ್ತನೇ ಕ್ಲಾಸಿನ ಗಣಿತ ಸಾಕು.

ಎರಡನೇ ವರ್ಷ ಡಿಪ್ಲೊಮಾ · ಸೋಮವಾರ, ರಾತ್ರಿ 10:10

ಸರ್, ಗೊತ್ತಾಯಿತು! ಎರಡು ವರ್ಗ ಕೂಡಿಸಿದರೆ ನಡುವಿನಿಂದ ಎಷ್ಟು ದೂರ ಎಂಬ ಲೆಕ್ಕ ಸಿಗುತ್ತದೆ. ಹತ್ತಿರ ಇದ್ದರೆ ನೀಲಿ, ದೂರ ಇದ್ದರೆ ಕಿತ್ತಳೆ. ಪೈಥಾಗೊರಸ್ ಪ್ರಮೇಯವೇ. ಸುರುಳಿ ಚಿತ್ರ ಮಾತ್ರ ಇನ್ನೂ ಬಿಡಿಸಲು ಆಗಿಲ್ಲ, ರಾತ್ರಿ ಎರಡು ಗಂಟೆ ಅದರಲ್ಲೇ ಹೋಯಿತು.

ಅಂಗಡಿ ಲೆಕ್ಕ · ಬುಧವಾರ, ರಾತ್ರಿ 10:45

ಮೇಷ್ಟ್ರೇ, ಮಾಡಿದೆ. ಉದ್ದ ಬರೆಯುತ್ತೇನೆ, ಬೇಸರ ಮಾಡಬೇಡಿ.

ಡಬ್ಬಿ ಮತ್ತು ಗುಂಟೂರು, ಎರಡು ಗುಂಪು ಮಾಡಿದೆ. ಗೊತ್ತಿಲ್ಲದವರಿಗೆ ಹೇಳುತ್ತೇನೆ. ಡಬ್ಬಿ ಎಂದರೆ ನಮ್ಮ ಬ್ಯಾಡಗಿ ಮೆಣಸಿನಕಾಯಿಯಲ್ಲೇ ಗಿಡ್ಡ, ದಪ್ಪ. ಮೈಯೆಲ್ಲ ಸುಕ್ಕು, ಬಣ್ಣ ಜಾಸ್ತಿ, ಖಾರ ಕಡಿಮೆ. ಗುಂಟೂರಿನದು ಮೈ ನಯ, ಖಾರ ಜಾಸ್ತಿ. ಡಬ್ಬಿಯನ್ನು ಅಂಗಡಿಯಲ್ಲೇ ಗೋಣಿಚೀಲದ ಮೇಲಿಟ್ಟು ಫೋನಿನಲ್ಲಿ 60 ಫೋಟೊ ತೆಗೆದೆ. ಅಷ್ಟರಲ್ಲಿ ತೂಕಕ್ಕೆ ಕರೆದರು. ಗುಂಟೂರನ್ನು ಹಿಡಿಯಷ್ಟು ಮನೆಗೆ ತಂದು, ರಾತ್ರಿ ಸ್ಟೀಲ್ ತಟ್ಟೆಯಲ್ಲಿಟ್ಟು 60 ಫೋಟೊ ತೆಗೆದೆ. ಲ್ಯಾಪ್‌ಟಾಪಿಗೆ ಹಾಕಿ ಟ್ರೇನ್ ಒತ್ತಿದೆ. ಎರಡು ನಿಮಿಷವೂ ಆಗಲಿಲ್ಲ. ಒಂದೊಂದೇ ಕಾಯಿ ಹಿಡಿದರೆ ಎಲ್ಲ ಸರಿ. ಗೋಣಿಯ ಮೇಲೆ ಡಬ್ಬಿ 99, ತಟ್ಟೆಯಲ್ಲಿ ಗುಂಟೂರು 100. ಅಮ್ಮನನ್ನು ಕರೆದು ತೋರಿಸಿದೆ. ಅಮ್ಮನಿಗೆ ಬಹಳ ಖುಷಿ.

ಆಗ ತಮ್ಮ ತಟ್ಟೆಯಲ್ಲಿದ್ದ ಕಾಯಿಯನ್ನೆಲ್ಲ ಸುರಿದು, ಖಾಲಿ ತಟ್ಟೆಯನ್ನು ಕ್ಯಾಮೆರಾ ಮುಂದೆ ಹಿಡಿದ.

ಗುಂಟೂರು, 98.

ನಾನು ಒಂದು ಕ್ಷಣ ಸುಮ್ಮನೆ ಕೂತೆ. ಆಮೇಲೆ ಬೆಲ್ಲದ ಖಾಲಿ ಗೋಣಿ ಹಿಡಿದೆವು. ಡಬ್ಬಿ ಎಂದಿತು. ಅಂದರೆ ಅದು ಮೆಣಸಿನಕಾಯಿ ನೋಡಿಯೇ ಇಲ್ಲ! ತಟ್ಟೆ ಮತ್ತು ಗೋಣಿ ನೋಡಿ ಹೇಳುತ್ತಿತ್ತು. ಅದರ ತಪ್ಪಲ್ಲ, ನಾನೇ ಹಾಗೆ ಕಲಿಸಿದ್ದೆ. ತಮ್ಮನ ಪ್ರಶ್ನೆಗೆ 19 ದಿನದಲ್ಲಿ ಸಿಗದ ಉತ್ತರ ಅವತ್ತು ರಾತ್ರಿ ಸಿಕ್ಕಿತು.

ವಿಜ್ಞಾನ ಮೇಷ್ಟ್ರು · ಗುರುವಾರ, ಬೆಳಿಗ್ಗೆ 6:50

ತಂಗಿ, ಬೆಳಿಗ್ಗೆ ಇದನ್ನು ಓದಿ ನನಗೆ ಆದ ಸಂತೋಷ ಹೇಳಲು ಆಗುವುದಿಲ್ಲ. ನಿಮ್ಮ ತಮ್ಮನಿಗೆ ನನ್ನ ಕಡೆಯಿಂದ ಶಹಬ್ಬಾಸ್ ಹೇಳಿ. ಆಸ್ಪತ್ರೆಯ ಸ್ಕ್ಯಾನ್ ಚಿತ್ರಗಳಲ್ಲೂ ಇಂಥ ತಪ್ಪು ಆಗುತ್ತದೆ. ರೋಗದ ಬದಲು ಚಿತ್ರದ ಮೂಲೆಯ ಗುರುತನ್ನೇ ಮಷಿನ್ ಹಿಡಿದುಬಿಡುತ್ತದೆ.

ಈಗ ಎರಡೂ ಬಗೆಯನ್ನು ಎರಡೂ ಕಡೆ ಇಟ್ಟು ಫೋಟೊ ತೆಗೆಯಿರಿ. ಹಗಲಿನ ಬೆಳಕು, ರಾತ್ರಿಯ ಬಲ್ಬು ಎರಡೂ ಇರಲಿ. ಏನೂ ಇಲ್ಲ ಎಂಬ ಮೂರನೇ ಗುಂಪು ಮಾಡಿ ಅದಕ್ಕೆ ಖಾಲಿ ತಟ್ಟೆ, ಖಾಲಿ ಗೋಣಿ, ನಿಮ್ಮ ಅಂಗೈ ಹಾಕಿ. 20 ಕಾಯಿಯನ್ನು ಮೊದಲೇ ಬೇರೆ ಎತ್ತಿಡಿ, ಅವುಗಳ ಫೋಟೊ ಟ್ರೇನಿಂಗಿಗೆ ಹಾಕಲೇಬೇಡಿ. ಪರೀಕ್ಷೆಗೆ ಅವು ಮಾತ್ರ.

ನಿವೃತ್ತ ಪೋಸ್ಟಲ್ · ಗುರುವಾರ, ಬೆಳಿಗ್ಗೆ 9:00

ನನಗೆ 64. ಇವರ ಖಾಲಿ ತಟ್ಟೆ ಓದಿ ನಾನೂ ಮಾಡಬೇಕು ಅನಿಸಿತು. ಒಂದು ಅನುಮಾನ. ಮೊಮ್ಮಗಳ ಫೋಟೊ ಹಾಕಿದರೆ ಅದು ಗೂಗಲ್‌ಗೆ ಹೋಗುತ್ತದೆಯೇ? ಮತ್ತೆ, ಇದಕ್ಕೆಲ್ಲ ಸರ್ಟಿಫಿಕೇಟ್ ಸಿಗುತ್ತದೆಯೇ?

ಕೋಡ್ ಮೊದಲು · ಗುರುವಾರ, ಬೆಳಿಗ್ಗೆ 10:25

ಸರ್, ಟೀಚಬಲ್ ಮಷಿನ್‌ನಲ್ಲಿ ಟ್ರೇನಿಂಗ್ ನಿಮ್ಮ ಬ್ರೌಸರ್ ಒಳಗೇ ನಡೆಯುತ್ತದೆ. ನೀವಾಗಿ ಡ್ರೈವ್‌ನಲ್ಲಿ ಉಳಿಸದಿದ್ದರೆ ಫೋಟೊ ಹೊರಗೆ ಹೋಗುವುದಿಲ್ಲ. ಆದರೂ ಮಗುವಿನ ಮುಖ ಬೇಡ, ಆಟಿಕೆ ಹಾಕಿ ಕಲಿಯಿರಿ. ಸರ್ಟಿಫಿಕೇಟ್ ಬೇಕಿದ್ದರೆ ಕ್ಯಾಗಲ್ ಕೋರ್ಸಿಗೂ ಎಲಿಮೆಂಟ್ಸ್ ಆಫ್ ಎಐಗೂ ಉಚಿತವಾಗಿ ಸಿಗುತ್ತದೆ.

ಮೇಷ್ಟ್ರೇ, ಟೀಚಬಲ್ ಮಷಿನ್ ಮಕ್ಕಳಿಗೆ ಮಾತ್ರ ಎಂಬಂತೆ ನಾನು ಅಂದದ್ದು ತಪ್ಪು. ಕೆಲಸಕ್ಕೆ ಸೇರಿದ ಮೊದಲ ವರ್ಷ ನಾನು ಇದೇ ತಪ್ಪು ಮಾಡಿದ್ದೆ. ಕೋಡ್ ಎಲ್ಲ ಸರಿಯಿತ್ತು, ಡೇಟಾ ನೋಡಿರಲಿಲ್ಲ. ಖಾಲಿ ತಟ್ಟೆ ಹಿಡಿಯುವವರು ನನ್ನ ಪಕ್ಕದಲ್ಲಿ ಇರಲಿಲ್ಲ. ಆದರೆ ಕೋಡ್ ಬೇಡ ಎಂದು ಯಾರೂ ತಿಳಿಯಬಾರದು. ಗುಂಡಿ ಒತ್ತುವುದರಲ್ಲಿ ಒಂದು ಗೋಡೆ ಬರುತ್ತದೆ, ಆಚೆ ಹೋಗಲು ಕೋಡೇ ಬೇಕು.

ಡಿಪ್ಲೊಮಾ ತಮ್ಮನಿಗೆ ಒಂದು ವಿಷಯ. ಕ್ಯಾಗಲ್‌ನಲ್ಲಿ ಕನ್ನಡ ಎಂನಿಸ್ಟ್ ಹುಡುಕು. ಕೈಯಲ್ಲಿ ಬರೆದ ಕನ್ನಡ ಅಂಕಿಗಳು, ಟ್ರೇನಿಂಗಿಗೇ 60,000. ಒಂದೊಂದೂ 28 ಚುಕ್ಕೆ ಅಗಲ, 28 ಚುಕ್ಕೆ ಎತ್ತರ. 2019ರಲ್ಲಿ ಅದರ ಮೇಲೆ ಸ್ಪರ್ಧೆಯೂ ನಡೆದಿತ್ತು. ಮೊದಲು ಚಿತ್ರಗಳನ್ನು ಸುಮ್ನೆ ತೆರೆದು ನೋಡು. ಅವಸರದಲ್ಲಿ ಬರೆದ ೬ ಮತ್ತು ೯ರಲ್ಲಿ ನಮಗೇ ಅನುಮಾನ ಬರುತ್ತದೆ.

ಅಂಗಡಿ ಲೆಕ್ಕ · ಭಾನುವಾರ, ರಾತ್ರಿ 9:15

ಒಂದು ವಾರ ದಿನಾ ಒಂದು ಗಂಟೆ ಇದಕ್ಕೇ ಕೊಟ್ಟೆ. ಮೊದಲು ಒಳ್ಳೆಯ ಸುದ್ದಿ: ಕಟ್ ಆದ ಹಣ ವಾಪಸ್ ಬಂತು. ರಾತ್ರಿ ಪಾಳಿಯವರಿಗೆ ಧನ್ಯವಾದ.

ಮೇಷ್ಟ್ರು ಹೇಳಿದ ಹಾಗೆ ಫೋಟೊ ಹೊಸದಾಗಿ ತೆಗೆದೆ. ಖಾಲಿ ತಟ್ಟೆ ಹಿಡಿದರೆ ಈಗ ಏನೂ ಇಲ್ಲ ಎನ್ನುತ್ತದೆ. ಎತ್ತಿಟ್ಟ 20ರಲ್ಲಿ 17 ಸರಿ. ತಪ್ಪಾದ 3 ಕಾಯಿ ಇನ್ನೂ ಮೇಜಿನ ಮೇಲೇ ಇವೆ. ಒಂದು ಡಬ್ಬಿಯ ಮೇಲೆ ಬಲ್ಬಿನ ಬೆಳಕು ನೇರ ಬಿದ್ದು ಸುಕ್ಕು ಕಾಣುತ್ತಿರಲಿಲ್ಲ. ಇನ್ನೆರಡು ಗುಂಟೂರು ಕಾಯಿ ಮುದುಡಿದ್ದವು, ನಾನೇ ಆದರೂ ಒಂದು ಸಲ ಯೋಚಿಸುತ್ತಿದ್ದೆ.

ನಿನ್ನೆ ಲ್ಯಾಪ್‌ಟಾಪ್ ಅಂಗಡಿಗೆ ಒಯ್ದು ಯಜಮಾನರಿಗೆ ತೋರಿಸಿದೆ. ಅವರು ಪೂರ್ತಿ ನೋಡಿದರು. ಆಮೇಲೆ ಒಂದು ಕಾಯಿ ಎತ್ತಿ ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದರು. ಒಳಗೆ ಬೀಜ ಗಲಗಲ ಎಂದಿತು. "ಇದು ಒಣಗಿದೆ. ಇದರ ಪಕ್ಕದ್ದು ಹಸಿ ಇದೆ. ಇಷ್ಟು ಹಸಿ ಇದ್ದರೆ ದರ ಬೀಳುತ್ತದೆ. ನಿನ್ನ ಮಷಿನ್‌ಗೆ ಇದು ಗೊತ್ತಾಗುತ್ತದಾ?" ಫೋಟೊದಲ್ಲಿ ತೇವ ಇಲ್ಲ, ಗೊತ್ತಾಗುವುದಿಲ್ಲ ಎಂದೆ.

ಆದರೆ ತೇವದ ಅಂಕಿ ನನ್ನ ಎಕ್ಸೆಲ್‌ನಲ್ಲಿದೆ! ಬಗೆ, ಚೀಲ, ತೂಕ, ತೇವ, ಬಿಕರಿಯಾದ ದರ, ಎಲ್ಲ ನಾನೇ ತುಂಬಿದ್ದು. ರೈತರ ಹೆಸರಿನ ಕಾಲಂ ತೆಗೆದು ಬಳಸಿಕೋ ಎಂದು ಯಜಮಾನರು ಒಪ್ಪಿದ್ದಾರೆ. ಈ ಸೀಸನ್ನಿನದು 340 ಸಾಲು. ಕೋಡ್ ಮೊದಲು ಅಣ್ಣಾ, ನೀವು ಹೇಳಿದ ಗೋಡೆ ಇದೇ ಇರಬೇಕು ಅಲ್ವಾ? ಇವತ್ತು ಸಂಜೆ ಕ್ಯಾಗಲ್‌ನ ಪೈಥಾನ್ ಮೊದಲ ಪಾಠ ಮುಗಿಸಿದೆ. ಎರಡು ಸಲ ತಪ್ಪಿತು, ಸುಳಿವು ನೋಡಿ ಸರಿ ಮಾಡಿದೆ. ಈ 340 ಸಾಲಿನಿಂದ ದರ ಊಹಿಸಲು ಯಾವ ಪಾಠದವರೆಗೆ ಹೋಗಬೇಕು?

ಕೋಡ್ ಮೊದಲು · ಭಾನುವಾರ, ರಾತ್ರಿ 9:50

ಪೈಥಾನ್ ಮುಗಿಸಿ, ಮಷಿನ್ ಲರ್ನಿಂಗ್ ಪರಿಚಯದ ಐದನೇ ಪಾಠದವರೆಗೆ ಬಂದರೆ ಸಾಕು. ಅಲ್ಲಿ ಮನೆ ಬೆಲೆ ಊಹಿಸುವ ನಿರ್ಧಾರದ ಮರ ಕಲಿಸುತ್ತಾರೆ. ಕೋಣೆ ಎಷ್ಟು, ಜಾಗ ಎಷ್ಟು ಎಂದು ಕೇಳುತ್ತಾ ಮರ ಕವಲೊಡೆಯುತ್ತದೆ. ಕವಲು ಮುಗಿಯುವ ತುದಿಯೇ ಎಲೆ, ಬೆಲೆ ಸಿಗುವುದು ಅಲ್ಲಿ. ಮನೆಯ ಜಾಗದಲ್ಲಿ ನಿಮ್ಮ ಚೀಲ ಇಡಿ, ಕೋಣೆಯ ಜಾಗದಲ್ಲಿ ತೇವ. ಎಲೆಗಳ ಸಂಖ್ಯೆಯನ್ನು 5ರಿಂದ 500ರವರೆಗೆ ಬದಲಿಸಿ ನೋಡುವ ಒಂದು ಅಭ್ಯಾಸ ಬರುತ್ತದೆ, ಅದನ್ನು ಬಿಡಬೇಡಿ. ಎಲೆ ಕಡಿಮೆಯಾದರೆ ಎಲ್ಲಕ್ಕೂ ಒಂದೇ ಥರದ ದರ ಹೇಳುತ್ತದೆ. ತೀರಾ ಜಾಸ್ತಿಯಾದರೆ ಹಳೆಯ ಚೀಲಗಳ ದರವನ್ನೇ ಬಾಯಿಪಾಠ ಮಾಡುತ್ತದೆ.

340ರಲ್ಲಿ 70 ಸಾಲು ಈಗಲೇ ಬೇರೆ ಹಾಳೆಗೆ ತೆಗೆದಿಡಿ, ಆ 20 ಕಾಯಿಯ ಹಾಗೆ. ಮತ್ತೆ ದಿನಾಂಕದ ಕಾಲಂ ಇದೆಯಾ? ದರ ವಾರದಿಂದ ವಾರಕ್ಕೆ ಏರಿಳಿಯುತ್ತದಲ್ಲ.

ಅಂಗಡಿ ಲೆಕ್ಕ · ಭಾನುವಾರ, ರಾತ್ರಿ 9:58

ಇದೆ ಅಣ್ಣಾ. ಸೋಮವಾರ, ಗುರುವಾರ ಎಂದು ವಾರವನ್ನೂ ಬರೆದಿದ್ದೇನೆ. ಕೊನೆಯ 70 ಸಾಲು ತೆಗೆದಿಡಲೋ, ನಡುನಡುವೆ ಆರಿಸಲೋ?

ಕೋಡ್ ಮೊದಲು · ಭಾನುವಾರ, ರಾತ್ರಿ 10:04

ಕೊನೆಯ 70. ಮಾರುಕಟ್ಟೆಯಲ್ಲಿ ನಾಳೆಯ ದರ ಇವತ್ತು ಗೊತ್ತಿರುವುದಿಲ್ಲ. ಮಷಿನ್‌ಗೂ ಗೊತ್ತಿರಬಾರದು.